ಫಾರಂ 29, 30ರ ಜೊತೆ ಇನ್ನೊಂದು ಹಾಳೆ ಇರಲಿ: ಸಾರಿಗೆ ಇಲಾಖೆಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ಮತ್ತು ಸಾರಿಗೆ ಆಯುಕ್ತರಿಗೆ,

ನಮಸ್ಕಾರ.

ನಾನು ತುಮಕೂರಿನಲ್ಲಿ ಕಾರು ಗ್ಯಾರೇಜ್ ನಡೆಸುತ್ತೇನೆ. ಒಬ್ಬರ ಮನೆಯ ಗಾಡಿಯನ್ನು ಇನ್ನೊಬ್ಬರು ನೇರವಾಗಿ ಕೊಂಡುಕೊಂಡ ಮೇಲೆ ಏಳುವ ಜಗಳಗಳು ಮೊದಲು ಬಂದು ನಿಲ್ಲುವುದು ನಮ್ಮಂಥವರ ಗ್ಯಾರೇಜಿನ ಮುಂದೆ. ಪೊಲೀಸ್ ಠಾಣೆ, ವಕೀಲರು ಎಲ್ಲ ಆಮೇಲೆ. "ನೀವೇ ಹೇಳಿ ಅಣ್ಣ, ಇದು ಹಳೇ ಪ್ರಾಬ್ಲಂ ತಾನೇ?" ಅಂತ ಕೊಂಡವರು ಕೇಳುತ್ತಾರೆ. "ನಾನು ಕೊಡುವಾಗ ಗಾಡಿ ಚೆನ್ನಾಗೇ ಇತ್ತು, ಸ್ವಲ್ಪ ಹೇಳಿ ಇವರಿಗೆ" ಅಂತ ಮಾರಿದವರು ಹೇಳುತ್ತಾರೆ. ಇಬ್ಬರ ಮಧ್ಯೆ ಪಾನಾ ಹಿಡಿದು ನಿಂತವರು ನಾವು.

ನನ್ನ ಬೇಡಿಕೆ ಒಂದೇ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು ಫಾರಂ 30 ತುಂಬುವಾಗ, ಅವುಗಳ ಜೊತೆ ಗಾಡಿಯ ಸ್ಥಿತಿಯ ಬಗ್ಗೆ ಒಂದು ಹಾಳೆ ಇರಲಿ. ಮಾರುವವರು ತಮಗೆ ಗೊತ್ತಿರುವ ದೋಷಗಳನ್ನು, ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ಅದರಲ್ಲಿ ಬರೆದು ಸಹಿ ಹಾಕಲಿ. ಕೊಳ್ಳುವವರು ಓದಿ ಸಹಿ ಹಾಕಲಿ. ಇದು ಯಾಕೆ ಬೇಕು ಅನ್ನುವುದನ್ನು ವಿವರವಾಗಿ ಹೇಳಲು ಈ ಪತ್ರ.

ಈಗಿನ ಫಾರಂಗಳನ್ನೇ ನೋಡಿ. ನೋಂದಣಿ ನಂಬರ್ ಇದೆ, ಚಾಸಿ ನಂಬರ್ ಇದೆ, ಇಂಜಿನ್ ನಂಬರ್ ಇದೆ. ಗಾಡಿಯ ಮೇಲೆ ಸಾಲದ ಹೊರೆ ಇಲ್ಲ ಅಂತ ಮಾರುವವರಿಂದ ಬರೆಸಿಕೊಳ್ಳುತ್ತೀರಿ. ಸಾಲ ಇದ್ದರೆ ಫೈನಾನ್ಸ್‌ನವರಿಂದ ಫಾರಂ 35 ತಂದು ಎಚ್‌ಪಿ, ಅಂದರೆ ನೋಂದಣಿ ಪತ್ರದಲ್ಲಿರುವ ಸಾಲದ ನಮೂದು, ಕ್ಯಾನ್ಸಲ್ ಮಾಡಿಸಬೇಕು. ಬಹಳ ಒಳ್ಳೆಯದು. ಆದರೆ ಗಾಡಿ ಎಷ್ಟು ಓಡಿದೆ, ಆಕ್ಸಿಡೆಂಟ್ ಆಗಿತ್ತಾ, ಇಂಜಿನ್ ಬಿಚ್ಚಿದ್ದಾರಾ ಅನ್ನುವುದಕ್ಕೆ ಜಾಗವೇ ಇಲ್ಲ. ಲಕ್ಷಗಟ್ಟಲೆ ದುಡ್ಡು ಕೈ ಬದಲಾಗುವುದು ಈ ವಿಷಯಗಳ ಮೇಲೆ. ಇವೆಲ್ಲ ಬರೀ ಬಾಯಿಮಾತಿನಲ್ಲಿ ಮುಗಿದುಹೋಗುತ್ತವೆ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಆನ್‌ಲೈನ್ ಜಾಹೀರಾತು ನೋಡಿ ಒಬ್ಬರು ಹಳೆಯ ಡೀಸೆಲ್ ಕಾರು ತೆಗೆದುಕೊಂಡರು. ಊರೊಳಗೆ ಓಡಿಸುವಾಗ ಏನೂ ತೊಂದರೆ ಕಾಣಲಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ, ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು. ಬಾನೆಟ್ಟಿನಿಂದ ಹಬೆ ಎದ್ದಿತು. ಗಾಡಿ ಟೋ ಮಾಡಿಸಿಕೊಂಡು ನಮ್ಮಲ್ಲಿಗೆ ತಂದರು. ಹಿಂದೆಯೇ ಮಾರಿದವರನ್ನೂ ಫೋನ್ ಮಾಡಿ ಕರೆಸಿದರು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಒಳಗೆ ಕೂಲೆಂಟ್ ಇರಲಿಲ್ಲ, ತುಕ್ಕಿನ ಬಣ್ಣದ ನೀರಿತ್ತು. ಅದರಲ್ಲಿ ಲೀಕ್ ನಿಲ್ಲಿಸಲು ಹಾಕುವ ಪುಡಿಯ ಚರಟ ಕೂತಿತ್ತು. ಆಯಿಲ್ ಹಾಕುವ ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥ ಬಿಳಿ ಪದರ ಅಂಟಿಕೊಂಡಿತ್ತು. ಆಯಿಲ್ ಮತ್ತು ನೀರು ಬೆರೆತರೆ ಹಾಗಾಗುತ್ತದೆ, ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಹೋಗಿದೆ ಅಂತ ಅನುಮಾನ. ಇಂಜಿನ್ ಬಿಸಿಗೆ ತಕ್ಕಂತೆ ನೀರಿನ ಹರಿವನ್ನು ತೆರೆದು ಮುಚ್ಚುವ ಕವಾಟ ಥರ್ಮೋಸ್ಟಾಟ್. ಅದರ ಹೌಸಿಂಗ್ ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಯಾರೋ ತೆಗೆದು ಹಾಕಿದ್ದಾರೆ. ಅದನ್ನು ತೆಗೆದರೆ ನೀರು ಸದಾ ಸುತ್ತುತ್ತಲೇ ಇರುತ್ತದೆ, ಊರೊಳಗಿನ ಓಡಾಟದಲ್ಲಿ ಬಿಸಿ ಏರುವುದು ಬೇಗ ಕಾಣುವುದಿಲ್ಲ. ಜನ ತುಂಬಿಕೊಂಡು ಘಾಟಿ ಹತ್ತಿದಾಗಲೇ ಬಣ್ಣ ಬಯಲಾಗುವುದು.

ಇಷ್ಟನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ. ದೋಷ ಹಳೆಯದು, ಯಾರೋ ತೇಪೆ ಹಾಕಿದ್ದಾರೆ. ಆದರೆ ಆ ತೇಪೆ ಹಾಕಿದ್ದು ಯಾರು? ಮಾರಿದವರಿಗೆ ಗೊತ್ತಿತ್ತಾ? ಅವರು ಎರಡನೇ ಓನರ್. ಮೊದಲನೆಯವರೇ ಮಾಡಿಸಿರಬಹುದು. ಅಥವಾ ಇವರ ಮೆಕ್ಯಾನಿಕ್ ಇವರಿಗೆ ಹೇಳದೆ ಸುಮ್ನೆ ತೆಗೆದುಹಾಕಿರಬಹುದು, ಹಾಗೂ ನಡೆಯುತ್ತದೆ. ಸ್ಪ್ಯಾನರ್ ಹಿಡಿದು ಗಾಡಿಯ ಒಳಗನ್ನು ಬಿಚ್ಚಬಹುದು, ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಅಂತ ಬಿಚ್ಚಿ ನೋಡಲು ಆಗುವುದಿಲ್ಲ. ಕಾನೂನು ಕೇಳುವುದು ಸರಿಯಾಗಿ ಅದನ್ನೇ.

ಕಾನೂನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಗ್ಯಾರೇಜಿಗೆ ಬರುವವರಿಗೆ ತಿಳಿಸಿ ಹೇಳಬೇಕು ಅಂತಲೇ ಇದನ್ನು ಓದಿಕೊಂಡಿದ್ದೇನೆ. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 16 ಪ್ರಕಾರ, ಮಾರಿದ ವಸ್ತುವಿನ ಗುಣಮಟ್ಟದ ಬಗ್ಗೆ ತಾನಾಗಿಯೇ ಹುಟ್ಟುವ ಖಾತರಿ ಅಂತ ಸಾಮಾನ್ಯವಾಗಿ ಇಲ್ಲ. ಅಂಥದ್ದೇ ವಸ್ತುಗಳ ವ್ಯಾಪಾರ ಮಾಡುವವರಿಂದ ಕೊಂಡರೆ ಮಾತು ಬೇರೆ. ಮನೆಯ ಕಾರು ಮಾರುವ ಮೇಷ್ಟ್ರು ಕಾರಿನ ವ್ಯಾಪಾರಿ ಅಲ್ವಲ್ಲ. ಹಾಗಾಗಿ "ನೋಡಿಕೊಂಡು ತಗೋಬೇಕಿತ್ತು" ಅನ್ನುವ ಮಾತಿಗೆ ಕಾನೂನಿನ ಬೆಂಬಲ ಇದೆ. ಗಾಡಿ ನಿಜವಾಗಿ ಅವರದ್ದೇ ಆಗಿರಬೇಕು, ಹೇಳಿದ ವಿವರಕ್ಕೆ ಹೊಂದಬೇಕು, ಅಷ್ಟು ಮಾತ್ರ ಕೊಂಡವರಿಗೆ ಸಿಗುವ ರಕ್ಷಣೆ. 2018ರ ಮಾಡೆಲ್ ಅಂತ ಹೇಳಿ 2016ರದ್ದು ಕೊಟ್ಟರೆ ಕೇಳಬಹುದು. ಇಂಜಿನ್ ಕೆಟ್ಟರೆ ಕೇಳುವುದು ಕಷ್ಟ.

ಹಾಗಂತ ಸುಳ್ಳು ಹೇಳಿ ಮಾರಬಹುದು ಅಂತಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 17ರಲ್ಲಿ, ಸುಳ್ಳು ಅಂತ ಗೊತ್ತಿದ್ದೂ ನಿಜ ಅಂತ ಹೇಳುವುದು, ಗೊತ್ತಿರುವ ಸಂಗತಿಯನ್ನು ಬೇಕಂತಲೇ ಮುಚ್ಚಿಡುವುದು ಮೋಸ. ಅಂಥ ಕರಾರನ್ನು ರದ್ದು ಮಾಡಿಸಬಹುದು, ನಷ್ಟವನ್ನೂ ಕೇಳಬಹುದು. ಆದರೆ ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ: ಬರೀ ಸುಮ್ಮನಿದ್ದರೆ ಅದು ಸಾಮಾನ್ಯವಾಗಿ ಮೋಸ ಆಗುವುದಿಲ್ಲ. ಕೊಂಡವರು ಕೇಳಲಿಲ್ಲ, ಮಾರಿದವರು ಹೇಳಲಿಲ್ಲ, ಅಲ್ಲಿಗೆ ಮುಗಿಯಿತು. ಕೇಳಿದ್ದರೂ ಏನು ಉತ್ತರ ಕೊಟ್ಟರು ಅನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ಜಾಹೀರಾತಿನಲ್ಲಿ "ಸಿಂಗಲ್ ಓನರ್, ನಾನ್ ಆಕ್ಸಿಡೆಂಟ್, ಇಂಜಿನ್ ಟಾಪ್ ಕಂಡೀಷನ್" ಅಂತ ಇರುತ್ತದೆ. ಗಾಡಿ ಮಾರಾಟವಾದ ದಿನವೇ ಜಾಹೀರಾತು ಅಳಿಸಿ ಹೋಗುತ್ತದೆ.

ಠಾಣೆಗೆ ಹೋದವರಿಗೆ ಬಹಳ ಸಲ ಸಿಗುವ ಉತ್ತರ "ಇದು ಸಿವಿಲ್ ಮ್ಯಾಟರ್". ನಾನು ಪೊಲೀಸರನ್ನು ದೂರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರ ವಂಚನೆ ಅಂತ ಹೇಳಬೇಕಾದರೆ ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಇಂಜಿನ್ ಸೀಜ್ ಆಯಿತು ಅನ್ನುವುದೊಂದೇ ಅದಕ್ಕೆ ಸಾಲದು. ಗ್ರಾಹಕ ಆಯೋಗಕ್ಕೆ ಹೋಗೋಣ ಅಂದರೆ, ತನ್ನ ಸ್ವಂತ ಕಾರನ್ನು ಒಮ್ಮೆ ಮಾರಿದವರ ಮೇಲೆ ಆ ದಾರಿ ಸಾಮಾನ್ಯವಾಗಿ ನಡೆಯುವುದಿಲ್ಲ. ಉಳಿಯುವುದು ಸಿವಿಲ್ ಕೋರ್ಟ್. ರಿಪೇರಿಗೆ ಆಗುವ ದುಡ್ಡು ಓಡಾಟಕ್ಕೇ ಹೋಗುತ್ತದೆ ಅಂತ ಜನ ಅದನ್ನು ಬಿಟ್ಟೇಬಿಡುತ್ತಾರೆ. ಬಿಟ್ಟು, ಗ್ಯಾರೇಜಿನ ಮುಂದೆ ಕೂಗಾಡುತ್ತಾರೆ. ಒಂದೇ ಊರಿನವರು, ಕೆಲವೊಮ್ಮೆ ನೆಂಟರೇ, ಮುಖ ನೋಡದ ಹಾಗಾಗುತ್ತಾರೆ.

ಈಗ ಆ ಒಂದು ಹಾಳೆ ಇದ್ದಿದ್ದರೆ ಏನಾಗುತ್ತಿತ್ತು ನೋಡಿ. "ಇಂಜಿನ್ ಬಿಸಿಯಾಗುವ ತೊಂದರೆ ಇದೆಯೇ?" ಅನ್ನುವ ಪ್ರಶ್ನೆ ಅದರಲ್ಲಿ ಅಚ್ಚಾಗಿರುತ್ತಿತ್ತು. "ಇದೆ" ಅಂತ ಬರೆದಿದ್ದರೆ ಕೊಳ್ಳುವವರು ಬೆಲೆ ಕಡಿಮೆ ಮಾಡಿಸುತ್ತಿದ್ದರು, ಇಲ್ಲವೇ ಎದ್ದು ಹೋಗುತ್ತಿದ್ದರು. "ನನಗೆ ಗೊತ್ತಿಲ್ಲ" ಅಂತ ಬರೆದಿದ್ದರೆ, ಮೆಕ್ಯಾನಿಕ್ ಹತ್ತಿರ ತೋರಿಸೋಣ ಅಂತ ಅನ್ನಿಸುತ್ತಿತ್ತು. "ಇಲ್ಲ" ಅಂತ ಬರೆದು, ಅದು ಸುಳ್ಳು ಅಂತ ಆಮೇಲೆ ಸರ್ವಿಸ್ ಬಿಲ್ಲಿನಿಂದ ಗೊತ್ತಾಗಿದ್ದರೆ, ಕೊಂಡವರ ಕೈಯಲ್ಲಿ ಒಂದು ದಾಖಲೆ ಇರುತ್ತಿತ್ತು. ಬರೆದು ಕೊಟ್ಟ ಮಾತು ಕರಾರಿನ ಭಾಗವಾಗುತ್ತದೆ, ಅದು ತಪ್ಪಿದರೆ ಪರಿಹಾರ ಕೇಳುವ ಹಕ್ಕು ಆಗಲೇ ಇರುವ ಕಾನೂನಿನಲ್ಲೇ ಇದೆ. ಹೊಸ ಕಾಯ್ದೆ ಮಾಡಬೇಕಾಗಿಲ್ಲ.

ಇದು ಕೊಳ್ಳುವವರ ಪರವಾದ ಬೇಡಿಕೆ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ನಮ್ಮಲ್ಲಿಗೆ ಬರುವ ಮಾರಾಟಗಾರರಲ್ಲಿ ಪ್ರಾಮಾಣಿಕರು ಬಹಳ ಜನ. "ಕ್ಲಚ್ ಸ್ವಲ್ಪ ಹಾರ್ಡ್ ಇದೆ, ಇನ್ನು ಕೆಲವು ತಿಂಗಳಿಗೆ ಬದಲಾಯಿಸಬೇಕಾಗುತ್ತೆ" ಅಂತ ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೊಟ್ಟಿರುತ್ತಾರೆ. ಕ್ಲಚ್ ಹೋದ ದಿನ ಅದೇ ಕೊಂಡವರು ಬಂದು "ಹೇಳಲೇ ಇಲ್ಲ" ಅನ್ನುತ್ತಾರೆ. ಇನ್ನು ಕೆಲವರು ಗಾಡಿ ತೆಗೆದುಕೊಂಡು ಹೋಗಿ ಆಯಿಲ್ ಕೂಡ ನೋಡದೆ ಓಡಿಸಿ, ಇಂಜಿನ್ ಹಾಳು ಮಾಡಿಕೊಂಡು, ದುಡ್ಡು ವಾಪಸ್ ಕೊಡಿ ಅಂತ ಮಾರಿದವರ ಮನೆ ಬಾಗಿಲಿಗೆ ಬರುತ್ತಾರೆ. ಒಬ್ಬ ನಿವೃತ್ತ ನೌಕರರು ಇಂಥ ಕಾಟ ತಡೆಯಲಾರದೆ ಅರ್ಧ ರಿಪೇರಿ ಖರ್ಚು ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಅವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಹೇಳಿದ್ದನ್ನು ಬರೆದು ಸಹಿ ಮಾಡಿಸಿಕೊಂಡಿದ್ದರೆ ಅವರಿಗೆ ಆ ಹಾಳೆಯೇ ಕಾವಲು.

ಮಾರಿದವರಿಗೆ ಇನ್ನೊಂದು ದೊಡ್ಡ ಅಪಾಯ ಇದೆ. ದೋಷದ ಬಗ್ಗೆ ಜಗಳ ಶುರುವಾದ ಕೂಡಲೇ ಕೊಂಡವರು ಆರ್‌ಸಿ ವರ್ಗಾವಣೆಯನ್ನು ನಿಲ್ಲಿಸಿಬಿಡುತ್ತಾರೆ. "ರಿಪೇರಿ ಮಾಡಿಸಿ ಕೊಡಿ, ಆಮೇಲೆ ಹೆಸರಿಗೆ ಮಾಡಿಸಿಕೊಳ್ತೀನಿ" ಅಂತ. ಗಾಡಿ ಅವರ ಹತ್ತಿರ, ಹೆಸರು ಇವರದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50ರಂತೆ ರಾಜ್ಯದೊಳಗಿನ ಮಾರಾಟಕ್ಕೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಡುವೆ ಏನಾದರೂ ಅಪಘಾತವಾದರೆ? 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾಯ್ದೆಯ ದೃಷ್ಟಿಯಲ್ಲಿ ಮಾಲೀಕರು, ಪರಿಹಾರದ ಹೊಣೆ ಅವರ ಮೇಲೆ ಬರುತ್ತದೆ. ಅಂದರೆ ಕ್ಲಚ್ ಪ್ಲೇಟಿನ ಜಗಳ ಒಬ್ಬರ ಮನೆ ಮಾರಿಸುವ ಮಟ್ಟಕ್ಕೂ ಹೋಗಬಹುದು. ಸ್ಥಿತಿಯ ಹಾಳೆಯನ್ನು ವರ್ಗಾವಣೆ ಅರ್ಜಿಯ ಜೊತೆಯೇ ಇಡಬೇಕು ಅಂತ ನಾನು ಕೇಳುವುದು ಇದಕ್ಕೇ. ಎರಡೂ ಒಂದೇ ದಿನ, ಒಂದೇ ಮೇಜಿನ ಮೇಲೆ ಮುಗಿಯಬೇಕು.

ಡೀಲರ್‌ಗಳ ಬಗ್ಗೆ ಕೇಂದ್ರ ಸರ್ಕಾರ ಆಗಲೇ ಒಂದು ಹೆಜ್ಜೆ ಇಟ್ಟಿದೆ. 2022ರ ಡಿಸೆಂಬರ್‌ನಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಹಳೆಯ ಗಾಡಿಗಳ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ಪೋರ್ಟಲ್‌ನಲ್ಲಿ ತಿಳಿಸಬೇಕು ಅಂತ ಮಾಡಿದೆ. ಆದರೆ ಇದರಿಂದ ತಪ್ಪಿಸಿಕೊಳ್ಳುವ ದಾರಿ ನಮ್ಮ ಕಣ್ಣೆದುರೇ ಇದೆ. ಬ್ರೋಕರ್‌ಗಳು ಮನೆಯವರ ವೇಷದಲ್ಲಿ ಮಾರುತ್ತಾರೆ. "ನಮ್ಮ ಮಾವನ ಗಾಡಿ, ಅವರು ವಿದೇಶಕ್ಕೆ ಹೋದರು" ಅನ್ನುತ್ತಾರೆ. ಫಾರಂ 29, 30ರಲ್ಲಿ ಹಳೆಯ ಓನರ್ ಸಹಿ ಮೊದಲೇ ಇರುತ್ತದೆ, ಕೊಳ್ಳುವವರ ಹೆಸರಿನ ಜಾಗ ಖಾಲಿ. ಗಾಡಿ ಕೆಟ್ಟಾಗ ಬ್ರೋಕರ್ "ನಾನು ಮಧ್ಯದವನು" ಅನ್ನುತ್ತಾನೆ, ಹಳೆಯ ಓನರ್‌ಗೆ ಇವರು ಯಾರು ಅಂತಲೇ ಗೊತ್ತಿರುವುದಿಲ್ಲ. ಗಾಡಿಗಳನ್ನು ಕೊಂಡು ಮಾರುವುದೇ ಕಸುಬಾದ ಮನುಷ್ಯ ವ್ಯಾಪಾರಿಯೇ. ಅವನ ಮೇಲೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಅದನ್ನು ತೋರಿಸಲು ಕೂಡ ಗಾಡಿ ಕೈಗೆ ಕೊಟ್ಟವರ ಹೆಸರು, ಸಹಿ ಇರುವ ಕಾಗದ ಬೇಕು. ನನ್ನ ಹಾಳೆಯಲ್ಲಿ ಇನ್ನೊಂದು ಸಾಲು ಇದಕ್ಕಾಗಿ: "ಮಾರುವವರು ನೋಂದಾಯಿತ ಮಾಲೀಕರೇ? ಇಲ್ಲದಿದ್ದರೆ ಯಾರು, ಯಾವ ಅಧಿಕಾರದಿಂದ ಮಾರುತ್ತಿದ್ದಾರೆ?"

ಮೀಟರ್ ವಿಷಯ ಬೇರೆಯೇ ಹೇಳಬೇಕು. ಈಗಿನ ಡಿಜಿಟಲ್ ಮೀಟರ್ ತಿರುಗಿಸಲು ಲ್ಯಾಪ್‌ಟಾಪ್ ಇದ್ದರೆ ಸಾಕು. ನಾವು ಪೆಡಲ್ ರಬ್ಬರ್ ನೋಡುತ್ತೇವೆ, ಸ್ಟೀರಿಂಗಿನ ಮೇಲೆ ಕೈ ಸವೆದು ಹೊಳಪು ಬಂದಿದೆಯಾ ನೋಡುತ್ತೇವೆ, ಡ್ರೈವರ್ ಸೀಟಿನ ಅಂಚು ಕುಸಿದಿದೆಯಾ ನೋಡುತ್ತೇವೆ. ಮೀಟರ್ 40,000 ಅನ್ನುತ್ತದೆ, ಪೆಡಲ್ ಲಕ್ಷ ದಾಟಿದ ಕಥೆ ಹೇಳುತ್ತದೆ. ಆದರೆ ಪೆಡಲ್ ರಬ್ಬರ್ ಹೊಸದು ಹಾಕಿಸಿದರೆ ಅದೂ ಹೋಯಿತು. ಅಮೆರಿಕದಲ್ಲಿ 1972ರಿಂದಲೇ ಕಾನೂನಿದೆ. ಮನೆಯವರು ಮಾರಿದರೂ ಮೀಟರ್ ಎಷ್ಟು ತೋರಿಸುತ್ತಿದೆ ಅಂತ ಬರೆದು ಕೊಡಬೇಕು. ಬ್ರಿಟನ್‌ನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ತಪಾಸಣೆ ಆಗುತ್ತದೆ, ಪ್ರತಿ ಸಲ ಮೀಟರ್ ಬರೆದುಕೊಳ್ಳುತ್ತಾರೆ, ಗಾಡಿ ನಂಬರ್ ಹಾಕಿ ಯಾರು ಬೇಕಾದರೂ ಅದನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ಆಗುವವರೆಗೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಇಲ್ಲ. ಆದರೆ ಎಮಿಷನ್ ಟೆಸ್ಟ್ ಇದೆಯಲ್ಲ! ಅದಕ್ಕೆ ಗಾಡಿ ಸೆಂಟರಿಗೆ ಬರಲೇಬೇಕು, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಜೊತೆಗೆ ಮೀಟರಿನ ಫೋಟೊ ಒಂದನ್ನು ತೆಗೆದು ಸರ್ಕಾರದ ವಾಹನ್ ಆನ್‌ಲೈನ್ ದಾಖಲೆಗೆ ಸೇರಿಸಿದರೆ ಖರ್ಚು ಎಷ್ಟು ಬಂತು? ವರ್ಷ ವರ್ಷದ ಓದು ಸಾಲಾಗಿ ನಿಂತರೆ ಹಿಂದಕ್ಕೆ ತಿರುಗಿಸಿದ ಮೀಟರ್ ಮಗುವಿಗೂ ಗೊತ್ತಾಗುತ್ತದೆ.

ನೀರು ಕುಡಿದ ಗಾಡಿಗಳ ಸಂಕಟವೂ ದೊಡ್ಡದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಹಾಗೆ ಮುಳುಗಿದ ಗಾಡಿ ತೊಳೆದು, ಸೀಟು ಒಣಗಿಸಿ, ಸೆಂಟ್ ಹೊಡೆದರೆ ನೋಡಲು ಚೆನ್ನಾಗೇ ಇರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆ ಸಿಗಬಹುದು. ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ ಒಣಗಿದ ಮಣ್ಣು, ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು ಇದ್ದರೆ ಅನುಮಾನ ಪಡಲೇಬೇಕು. ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹಿಡಿದು, ತಿಂಗಳುಗಳು ಕಳೆದ ಮೇಲೆ ಒಂದೊಂದೇ ಸೆನ್ಸರ್ ಕೈ ಕೊಡುತ್ತದೆ. ಅಷ್ಟು ಹೊತ್ತಿಗೆ ಮಾರಿದವರು ಫೋನ್ ಎತ್ತುವುದಿಲ್ಲ. ಇನ್ಶೂರೆನ್ಸ್ ಕ್ಲೇಮ್ ಆಗಿದ್ದರೆ ಆ ವಿವರ ಕಂಪನಿಯ ಹತ್ತಿರ ಇದ್ದೇ ಇರುತ್ತದೆ, ಮಾಲೀಕರು ಕೇಳಿದರೆ ಸಿಗುತ್ತದೆ, ಕೊಳ್ಳುವವರಿಗೆ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಹಾಳೆಯಲ್ಲಿ "ನೀರಿನಲ್ಲಿ ಮುಳುಗಿತ್ತೇ? ದೊಡ್ಡ ಕ್ಲೇಮ್ ಆಗಿದೆಯೇ? ಚಾಸಿಗೆ ಪೆಟ್ಟಾಗಿತ್ತೇ?" ಅಂತ ನೇರವಾಗಿ ಕೇಳಬೇಕು.

ಫಾರಂ 29, 30 ಕೇಂದ್ರದ ನಿಯಮಗಳಲ್ಲಿ ಇರುವಂಥವು, ರಾಜ್ಯ ಅವುಗಳನ್ನು ತಿದ್ದಲು ಆಗುವುದಿಲ್ಲ ಅಂತ ನನಗೂ ಗೊತ್ತು. ಅದಕ್ಕೆ ಕೇಂದ್ರಕ್ಕೆ ಪತ್ರ ಬರೆಯಿರಿ. ಅಲ್ಲಿಯವರೆಗೆ ಕಾಯುವ ಅಗತ್ಯ ಇಲ್ಲ. ಕನ್ನಡದಲ್ಲಿ ಒಂದು ಮಾದರಿ ಹಾಳೆ ಮಾಡಿ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ. ಪ್ರತಿ ಆರ್‌ಟಿಒ ಕಚೇರಿಯ ಗೋಡೆಯ ಮೇಲೆ ಅಂಟಿಸಿ. ಸ್ವಇಚ್ಛೆಯಿಂದ ತುಂಬುವ ಹಾಳೆ ಅಂತಲೇ ಶುರು ಮಾಡಿ. ಇಲಾಖೆಯ ಮುದ್ರೆ ಇರುವ ಹಾಳೆ ಇದೆ ಅಂತಾದರೆ, ಅದನ್ನು ತುಂಬಲು ಹಿಂದೇಟು ಹಾಕುವವರನ್ನು ಕಂಡು ಕೊಳ್ಳುವವರೇ ಎಚ್ಚರವಾಗುತ್ತಾರೆ.

ಇದಕ್ಕೆ ಹೊಸ ಫೀಸು ಬೇಡ, ಇನ್ನೊಂದು ಕ್ಯೂ ಬೇಡ. ಇನ್‌ಸ್ಪೆಕ್ಟರ್ ಗಾಡಿ ನೋಡಿ ಸರ್ಟಿಫಿಕೇಟ್ ಕೊಡುವುದೂ ಬೇಡ. ಹಾಗೆ ಮಾಡಿದರೆ ಇದೂ ಏಜೆಂಟರ ಕೈಗೆ ಹೋಗಿ, ಎಲ್ಲದಕ್ಕೂ "ಇಲ್ಲ, ಇಲ್ಲ, ಇಲ್ಲ" ಅಂತ ಟಿಕ್ ಹಾಕಿದ ಹಾಳೆಗಳು ಬರುತ್ತವೆ. ಹಳೆಯ ಗಾಡಿ ಮುಂದೆಯೂ ಕೆಡುವುದಿಲ್ಲ ಅಂತ ಗ್ಯಾರಂಟಿ ಕೊಡಿ ಅಂತ ಮಾರುವವರನ್ನು ಕೇಳುವುದೂ ತಪ್ಪು. ಯಾರೂ ಅದನ್ನು ಕೊಡಲಾರರು. ಗೊತ್ತಿರುವುದನ್ನು ಹೇಳಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯಲಿ, ಸಾಕು.

ಜಗಳ ಬಂದಾಗ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಆ ಹಾಳೆಯ ಕೆಳಗೆ ಅಚ್ಚು ಹಾಕಿಸಿ. ಪ್ರತಿ ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟು, ಎರಡೂ ಕಡೆಯವರು ಕೂತು ರಾಜಿಗೆ ಬರಬಹುದು. ಕೋರ್ಟ್ ಫೀ ಇಲ್ಲ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ ಬೆಲೆ ಇದೆ. ಗಾಡಿ ಜಗಳಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ, ಯಾಕಂದರೆ ಬಹಳ ಸಲ ಸರಿಯಾದ ಉತ್ತರ "ರಿಪೇರಿ ಖರ್ಚಿನಲ್ಲಿ ಇಬ್ಬರೂ ಪಾಲು ಹಾಕಿಕೊಳ್ಳಿ" ಅನ್ನುವುದೇ ಆಗಿರುತ್ತದೆ. ಶಿರಾಡಿಯಿಂದ ಬಂದ ಆ ಕಾರಿನ ವಿಷಯದಲ್ಲೂ ಕೊನೆಗೆ ಹಾಗೇ ಆಯಿತು. ಆದರೆ ಅಲ್ಲಿಗೆ ಮುಟ್ಟುವ ಮೊದಲು ಎರಡು ಮನೆಯವರು ಆಡಬಾರದ ಮಾತೆಲ್ಲ ಆಡಿಕೊಂಡಿದ್ದರು. ಇಂಥ ಒಂದು ದಾರಿ ಇದೆ ಅಂತ ಅವರಿಬ್ಬರಿಗೂ ಗೊತ್ತಿರಲಿಲ್ಲ.

ಇದನ್ನು ಓದುತ್ತಿರುವ, ಗಾಡಿ ಕೊಳ್ಳುವ ಮಾರುವ ಎಲ್ಲರಿಗೂ ಒಂದು ಮಾತು. ಇಲಾಖೆಯ ಹಾಳೆ ಬರುವವರೆಗೆ ನೀವೇ ಒಂದು ಬರೆದುಕೊಳ್ಳಿ. ಡೆಲಿವರಿ ನೋಟ್ ಹೇಗೂ ಮಾಡುತ್ತೀರಿ. ದಿನಾಂಕ, ಸಮಯ, ಇಂಥ ಹೊತ್ತಿನಿಂದ ಜವಾಬ್ದಾರಿ ಕೊಂಡವರದು ಅಂತ ಬರೆಯುತ್ತೀರಿ. ಅದರ ಕೆಳಗೇ ಮೀಟರ್ ಓದು, ಹೇಳಿದ ದೋಷಗಳು, ಆಕ್ಸಿಡೆಂಟ್ ಆಗಿದ್ದರೆ ಅದರ ವಿವರ ಬರೆದು ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಗಾಡಿ ನೋಡಲು ಬೆಳಿಗ್ಗೆ ಹೋಗಿ, ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಸ್ವಲ್ಪ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿದ್ದ ದೋಷದ ಬಗ್ಗೆ ಆಮೇಲೆ ದೂರಿದರೆ ಕಾನೂನು ಕೂಡ ನಿಮ್ಮ ಕೈ ಹಿಡಿಯುವುದು ಕಷ್ಟ.

ಮಾನ್ಯ ಸಚಿವರೇ, ಆಯುಕ್ತರೇ, ಹಾಳೆಯ ಕರಡು ಬರೆಯಲು ತಮಗೆ ಕೆಲಸದವರು ಬೇಕಿದ್ದರೆ ನಾವು ಗ್ಯಾರೇಜಿನವರು ಸಿದ್ಧ ಇದ್ದೇವೆ. ಗಾಡಿಯಲ್ಲಿ ಯಾವ ದೋಷವನ್ನು ಎಲ್ಲಿ ಮುಚ್ಚಿಡುತ್ತಾರೆ, ಅದಕ್ಕೆ ಯಾವ ಪ್ರಶ್ನೆ ಕೇಳಬೇಕು ಅಂತ ನಮಗೆ ಗೊತ್ತು. ತುಮಕೂರಿನ ಆರ್‌ಟಿಒ ಕಚೇರಿಯಲ್ಲೇ ಒಂದು ದಿನ ಕೂರಿಸಿ. ವಕೀಲರೊಬ್ಬರು, ಇಲಾಖೆಯ ಅಧಿಕಾರಿ ಒಬ್ಬರು, ಮೆಕ್ಯಾನಿಕ್‌ಗಳು ನಾಲ್ಕು ಜನ ಇದ್ದರೆ ಸಂಜೆಯೊಳಗೆ ಕರಡು ತಮ್ಮ ಕೈಗೆ ಕೊಡುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ತುಮಕೂರಿನ ಒಬ್ಬ ಗ್ಯಾರೇಜ್ ಮೆಕ್ಯಾನಿಕ್